ಭುಜದ ಕೀಲು ಬದಲಿಸೋದಾ, ಬೇಡವಾ? ಓದುಗರ ಪ್ರಶ್ನೆಗಳಿಗೆ ಫಿಸಿಯೋ ಉತ್ತರ

ಪ್ರಶ್ನೆ: ನನಗೆ 67 ವರ್ಷ. ಎರಡು ವರ್ಷದಿಂದ ಬಲಗೈ ಮೇಲೆತ್ತಲು ಆಗುತ್ತಿಲ್ಲ. ತುರುಬು ಕಟ್ಟಲು ಸೊಸೆಯನ್ನು ಕರೆಯಬೇಕು. ರಾತ್ರಿ ಬಲಕ್ಕೆ ಹೊರಳಿದರೆ ಎಚ್ಚರವಾಗುತ್ತದೆ. ಸಕ್ಕರೆ ಕಾಯಿಲೆಯೂ ಇದೆ. ಡಾಕ್ಟರು ಎಕ್ಸ್‌ರೇ, ಎಂಆರ್‌ಐ ನೋಡಿ, ‘ಸ್ನಾಯು ಹರಿದಿದೆ, ಕೀಲೂ ಸವೆದಿದೆ, ರಿವರ್ಸ್ ಶೋಲ್ಡರ್ ಮಾಡಬೇಕು’ ಅಂದರು. ಬೆಂಗಳೂರಿನ ಮಗ ಈ ತಿಂಗಳೇ ಮಾಡಿಸೋಣ ಅನ್ನುತ್ತಾನೆ. ನಮ್ಮ ಯಜಮಾನರು ಈ ವಯಸ್ಸಿಗೆ ಯಾಕೆ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಅಮ್ಮ, ಮಗ ಮತ್ತು ಯಜಮಾನರು ಸ್ವಲ್ಪ ಹೊತ್ತು ಆಚೆ ಕೂತಿರಲಿ. ನೀವು ಹೇಳಿ, ರಾತ್ರಿ ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನವಾಯಿತು? ನೋವಿನ ಮಾತ್ರೆ ದಿನಾ ಬೇಕಾ? ವ್ಯಾಯಾಮ, ಇಂಜೆಕ್ಷನ್ ಎಲ್ಲ ಮಾಡಿ ನೋಡಿ ಆಯಿತಾ? ಮೂರಕ್ಕೂ ಉತ್ತರ ನೋವಿನ ಕಡೆಗೇ ಇದ್ದರೆ ಮಾಡಿಸಿಕೊಳ್ಳಿ. ಎಕ್ಸ್‌ರೇ ಕೆಟ್ಟದಾಗಿದೆ ಅನ್ನುವುದೊಂದೇ ಕಾರಣವಾದರೆ ಕಾಯಬಹುದು. ಕೀಲು ಪೂರಾ ಸವೆದಿದ್ದರೂ ಹಾಯಾಗಿ ಕಾಯಿ ತುರಿಯುವವರನ್ನು ನೋಡಿದ್ದೇನೆ. ಎಕ್ಸ್‌ರೇಗೆ ಆಪರೇಷನ್ ಮಾಡುವುದಲ್ಲ, ನೋವಿಗೆ ಮಾಡುವುದು. ಆದರೆ ಕಾಯುವುದಾದರೆ ಡಾಕ್ಟರಿಗೆ ಒಂದು ಮಾತು ಕೇಳಿಕೊಳ್ಳಿ. ತೋಳಿನ ಮೂಳೆಯ ಗುಂಡು ಕೂರುವ ಬಟ್ಟಲಿನ ಮೂಳೆ ತೀರಾ ಸವೆದುಹೋದರೆ ಮುಂದೆ ಹೊಸ ಕೀಲು ಕೂರಿಸುವುದು ಕಷ್ಟವಾಗುತ್ತದೆ.

ರಿವರ್ಸ್ ಅಂದರೇನು? ಸೊಂಟದ ಕೀಲು ಒರಳುಕಲ್ಲಿನ ಹಾಗೆ, ಗುಂಡು ಆಳವಾಗಿ ಕೂತಿರುತ್ತದೆ. ಭುಜದ್ದು ಹಾಗಲ್ಲ, ಸಾಸರ್ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದು ಜಾರದಂತೆ ಸುತ್ತ ಹಿಡಿದಿರುವುದು ನಾಲ್ಕು ಸ್ನಾಯುಗಳು. ಅವು ಹರಿದರೆ ಕೈ ಎತ್ತಲು ಹೋದಾಗ ಗುಂಡು ಮೇಲಕ್ಕೆ ಜಾರುತ್ತದೆ, ಕೈ ಏಳುವುದಿಲ್ಲ. ಅಂಥವರಿಗೆ ಮಾಮೂಲಿ ಕೀಲು ಹಾಕಿದರೆ ಅದೂ ಜಾರುತ್ತದೆ. ಹಾಗಾಗಿ ಜಾಗವನ್ನೇ ಅದಲುಬದಲು ಮಾಡುತ್ತಾರೆ. ಬಟ್ಟಲು ಇದ್ದ ಕಡೆ ಗುಂಡು, ಗುಂಡು ಇದ್ದ ಕಡೆ ಬಟ್ಟಲು. ಆಮೇಲೆ ಕೈ ಎತ್ತುವ ಕೆಲಸ ಹೆಗಲ ಹೊರಗೆ ದುಂಡಗೆ ಕಾಣುತ್ತದಲ್ಲ, ಕೋವಿಡ್ ಲಸಿಕೆ ಚುಚ್ಚಿದರಲ್ಲ, ಆ ಮಾಂಸಖಂಡದ್ದು. ಫ್ರಾನ್ಸ್‌ನ ಪಾಲ್ ಗ್ರಾಮೋಂ ಎಂಬ ಡಾಕ್ಟರು 1985ರಲ್ಲಿ ಇದನ್ನು ಸರಿಯಾಗಿ ರೂಪಿಸಿದರು. ನಿಮ್ಮಂಥವರಿಗಾಗಿಯೇ ಬಂದದ್ದು.

ಸಿಗುವುದೇನು ಅಂತ ಮೊದಲೇ ಗೊತ್ತಿರಲಿ. ಹೆಚ್ಚಿನವರಿಗೆ ನೋವು ಬಹಳಷ್ಟು ಕಡಿಮೆಯಾಗುತ್ತದೆ. ಕೈ ಮುಖದ ಮಟ್ಟಕ್ಕೆ, ತುಂಬಾ ಜನಕ್ಕೆ ತಲೆಯ ಮಟ್ಟಕ್ಕೂ ಏಳುತ್ತದೆ. ಬೆನ್ನ ಹಿಂದೆ ಹೋಗುವುದು ಮಾತ್ರ ಡೌಟು. ತುರುಬು ಕಟ್ಟುವುದು ಸಾಧ್ಯವಾಗಬಹುದು, ಬೆನ್ನು ಉಜ್ಜಿಕೊಳ್ಳುವುದು ಆಗದೇ ಇರಬಹುದು. ನಿಮ್ಮದು ಬಲಗೈ, ಶೌಚಕ್ಕೆ ತೊಂದರೆಯಿಲ್ಲ. ಎಡಭುಜ ಮಾಡಿಸುವವರು ಇದನ್ನು ಮೊದಲೇ ಯೋಚಿಸಬೇಕು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಕಷ್ಟ ಊಟದ್ದು. ಮೊದಮೊದಲು ಎಡಗೈಯಲ್ಲಿ ಚಮಚ ಹಿಡಿಯಬೇಕು. ಎಡಗೈ ಊಟ ಸಂಕೋಚವಾದರೆ ಸೊಸೆ ತುತ್ತು ಕೊಡಲಿ, ತುರುಬು ಕಟ್ಟಿದವಳು ಅಷ್ಟೂ ಮಾಡುತ್ತಾಳೆ.

‘ಈ ತಿಂಗಳೇ’ ಅನ್ನುವ ಮಗನಿಗೆ ಹೇಳಿ, ಇದು ಹಾರ್ಟ್ ಅಟ್ಯಾಕ್ ಅಲ್ಲ. ಮೊದಲು ಮೂರು ತಿಂಗಳ ಸಕ್ಕರೆಯ ಸರಾಸರಿ, ಅದೇ ಎಚ್‌ಬಿಎ1ಸಿ, ಹತೋಟಿಗೆ ಬರಲಿ. ಹುಳುಕು ಹಲ್ಲಿದ್ದರೆ ಸರಿಮಾಡಿಸಿ, ಕೀವು ಎಲ್ಲಿದ್ದರೂ ಹೊಸ ಕೀಲಿಗೆ ಅಪಾಯ. ಇತ್ತೀಚೆಗೆ ಭುಜಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಮರೆಮಾಚಬೇಡಿ, ಸಾಮಾನ್ಯವಾಗಿ ಮೂರು ತಿಂಗಳು ಕಾಯುತ್ತಾರೆ. ‘ವರ್ಷಕ್ಕೆ ಎಷ್ಟು ಭುಜ ಮಾಡ್ತೀರಿ ಡಾಕ್ಟ್ರೇ?’ ಅಂತ ಧೈರ್ಯವಾಗಿ ಕೇಳಿ. ಮಂಡಿ ನೂರಾರು ಮಾಡಿದವರೆಲ್ಲ ಭುಜ ಮಾಡಿರುವುದಿಲ್ಲ. ಇನ್ನು ಯಜಮಾನರ ಮಾತು. 67 ಈ ಆಪರೇಷನ್‌ಗೆ ಹೆಚ್ಚಿನ ವಯಸ್ಸೇ ಅಲ್ಲ, ಹೃದಯ ಮತ್ತು ಸಕ್ಕರೆ ಸರಿಯಿದ್ದರೆ ಸಾಕು.

ಪ್ರಶ್ನೆ: ನಮ್ಮ ಮನೆಯವರು ನಿವೃತ್ತ ಮೇಷ್ಟ್ರು, 71 ವರ್ಷ. ಭುಜದ ಕೀಲು ಬದಲಿಸಿ ಐದು ವಾರವಾಯಿತು, ಕೈ ಇನ್ನೂ ಏಳುತ್ತಿಲ್ಲ. ಎದುರುಮನೆಯವರು ಮಂಡಿ ಆಪರೇಷನ್ ಆದ ಮಾರನೇ ದಿನವೇ ನಡೆದರು. ಇವರಿಗೆ ಸಿಟ್ಟು ಬಂದು ಸ್ಲಿಂಗ್ ಬಿಚ್ಚಿ ಕೈ ಎತ್ತಲು ನೋಡುತ್ತಾರೆ. ಆಪರೇಷನ್ ಫೇಲಾಯಿತಾ?
– ಓದುಗರು, ದಾವಣಗೆರೆ

ಫೇಲಾಗಿಲ್ಲ. ಆದರೆ ಮೇಷ್ಟ್ರು ಹೀಗೇ ಮಾಡಿದರೆ ಆಗಬಹುದು, ಮೊದಲು ಸ್ಲಿಂಗ್ ಹಾಕಿಸಿ! ಮಂಡಿಯ ಜೊತೆ ಹೋಲಿಸಲೇಬೇಡಿ. ಭುಜದಲ್ಲಿ ಒಳಗೆ ಹೋಗಬೇಕಾದರೆ ಸಾಮಾನ್ಯವಾಗಿ ಮುಂಭಾಗದ ಒಂದು ಸ್ನಾಯುವನ್ನು ಬಿಡಿಸಿ, ಕೊನೆಗೆ ಮತ್ತೆ ಹೊಲಿಯುತ್ತಾರೆ. ಆ ಹೊಲಿಗೆ ಕೂಡಿಕೊಳ್ಳಲು ಆರು ವಾರ ಬೇಕೇ ಬೇಕು. ಅಲ್ಲಿಯವರೆಗೆ ಆ ಕೈ ತಾನಾಗಿ ಏಳಬಾರದು, ಇನ್ನೊಂದು ಕೈಯೋ ಫಿಸಿಯೋನೋ ಎತ್ತಬೇಕು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರಿಗೆ ‘ಏನೂ ಎತ್ತಬೇಡಿ’ ಅಂತ ಹತ್ತು ಸಲ ಹೇಳಿದ್ದೆ. ಅವರು ಲೋಟವನ್ನೂ ಎತ್ತಲಿಲ್ಲ ಪಾಪ. ಮೂರನೇ ವಾರ, ಬಾಗಿಲು ಬಡಿದ ಸದ್ದು ಕೇಳಿ ಪ್ಲಾಸ್ಟಿಕ್ ಕುರ್ಚಿಯ ಕೈಗೆ ಎರಡೂ ಕೈ ಊರಿ ಎದ್ದಿದ್ದಾರೆ. ಒಳಗೆ ‘ಟಪ್’ ಅಂದಿತಂತೆ. ಹೊಲಿಗೆ ಹೋಗಿತ್ತು. ಊರುವುದೂ ಭಾರವೇ ಅಂತ ನಾನು ಹೇಳಿರಲಿಲ್ಲ. ಅಂದಿನಿಂದ ಮೊದಲ ದಿನ ಹೇಳುವುದೇ ಕುರ್ಚಿಯ ವಿಷಯ. ಇನ್ನೊಂದು ಕೈ ಊರಿ, ಕಾಲಿನ ಮೇಲೆ ಭಾರ ಹಾಕಿ ಏಳಬೇಕು. ಹಾಸಿಗೆಯಿಂದ ಏಳುವಾಗಲೂ ಅಷ್ಟೇ.

ಮಲಗಿದಾಗ ಮೊಣಕೈ ಕೆಳಗೆ ದಿಂಬಿರಲಿ. ಅಂಗಾತ ಮಲಗಿ ತಲೆ ತಿರುಗಿಸದೆ ಕಣ್ಣು ಕೆಳಗೆ ಮಾಡಿದರೆ ಮೊಣಕೈ ಕಾಣಬೇಕು, ಕಾಣದಿದ್ದರೆ ಅದು ಹಿಂದಕ್ಕೆ ಜಾರಿದೆ ಅಂತ ಅರ್ಥ. ಒರಗು ಕುರ್ಚಿಯಲ್ಲೋ ನಾಲ್ಕು ದಿಂಬಿಗೆ ಒರಗಿಯೋ ಮಲಗಿದರೆ ಇನ್ನೂ ಒಳ್ಳೆಯದು. ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಗುಂಡಿ ಇರುವ ಅಂಗಿಯೇ ಇರಲಿ, ಬನಿಯನ್ ಸದ್ಯಕ್ಕೆ ಬೇಡ. ಕಂಕುಳು ತೊಳೆಯಲು ಕೈ ಎತ್ತಬಾರದು. ಸ್ವಲ್ಪ ಮುಂದೆ ಬಗ್ಗಿದರೆ ಕೈ ತಾನಾಗಿ ಜೋತುಬೀಳುತ್ತದೆ, ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಡಾಕ್ಟರು ಒಪ್ಪಿದ್ದರೆ ಹಾಗೇ ಬಗ್ಗಿ ಮೈಯನ್ನು ನಿಧಾನ ತೂಗಾಡಿಸಿದರೆ ಕೈ ಗಂಟೆಯ ನಾಲಗೆ ಥರ ತೂಗುತ್ತದೆ, ಅದೇ ಮೊದಲ ವ್ಯಾಯಾಮ. ಮೈ ತೂಗಬೇಕು, ಕೈಯನ್ನು ತೂಗಬಾರದು. ಮೊಣಕೈ, ಮಣಿಕಟ್ಟು, ಬೆರಳು ದಿನಾ ಆಡಿಸಲಿ, ಸುಮ್ನೆ ಬಿಟ್ಟರೆ ಕೈ ಊದಿಕೊಳ್ಳುತ್ತದೆ.

ಆರು ವಾರದ ನಂತರ ಕೈ ತಾನಾಗಿ ಎತ್ತುವ ಅಭ್ಯಾಸ, ಮೂರು ತಿಂಗಳ ಸುತ್ತಮುತ್ತ ಶಕ್ತಿ ತುಂಬುವ ವ್ಯಾಯಾಮ. ಆರು ತಿಂಗಳಿಂದ ಒಂದು ವರ್ಷದವರೆಗೂ ಸುಧಾರಿಸುತ್ತಲೇ ಇರುತ್ತದೆ. ನಿಮ್ಮ ಡಾಕ್ಟರು ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ಸರಿ, ಒಳಗೆ ಏನು ಮಾಡಿದ್ದಾರೆ ಅಂತ ಅವರಿಗೇ ಗೊತ್ತು. ಜ್ವರ, ಗಾಯದಿಂದ ನೀರು ಅಥವಾ ಕೀವು, ಇದ್ದಕ್ಕಿದ್ದಂತೆ ಹೆಚ್ಚಿದ ನೋವು, ಬೆರಳಿಗೆ ಮರಗಟ್ಟುವಿಕೆ, ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಪ್ರಶ್ನೆ: ನನಗೆ 49, ಸಕ್ಕರೆ ಇದೆ. ಐದು ತಿಂಗಳಿಂದ ಎಡಭುಜ ಬಿಗಿದುಕೊಂಡಿದೆ, ಬೇರೆಯವರು ಎತ್ತಿದರೂ ಏಳುವುದಿಲ್ಲ. ಎಕ್ಸ್‌ರೇ ನಾರ್ಮಲ್. ನನಗೂ ಕೀಲು ಬದಲಿಸಬೇಕಾ?
– ಓದುಗರು, ಗದಗ

ಬೇಡ ಸ್ವಾಮಿ! ನೀವು ಹೇಳಿದ್ದನ್ನು ನೋಡಿದರೆ ಇದು ಫ್ರೋಜನ್ ಶೋಲ್ಡರ್ ಥರ ಇದೆ. ಕೀಲು ಚೆನ್ನಾಗಿಯೇ ಇರುತ್ತದೆ, ಅದರ ಸುತ್ತಲಿನ ಚೀಲ ದಪ್ಪವಾಗಿ ಬಿಗಿದುಕೊಂಡಿರುತ್ತದೆ. ಸಕ್ಕರೆ ಇರುವವರಿಗೆ ಇದು ಜಾಸ್ತಿ. ಹೆಚ್ಚಿನವರಿಗೆ ಒಂದರಿಂದ ಮೂರು ವರ್ಷದಲ್ಲಿ ಸಡಿಲವಾಗುತ್ತದೆ. ವ್ಯಾಯಾಮ, ಬೇಕಾದರೆ ಒಂದು ಇಂಜೆಕ್ಷನ್. ಕಣ್ಣು ಮುಚ್ಚಿ ಜಗ್ಗಿ ಎಳೆಯುವವರ ಹತ್ತಿರ ಮಾತ್ರ ಹೋಗಬೇಡಿ.

ಪ್ರಶ್ನೆ: ಹೊಸ ಭುಜ ಎಷ್ಟು ವರ್ಷ ಬಾಳುತ್ತದೆ? ಸ್ಕೂಟರ್ ಓಡಿಸಬಹುದಾ?
– ಓದುಗರು, ಮಂಡ್ಯ

1893ರಲ್ಲಿ ಪ್ಯಾರಿಸ್‌ನ ಪಿಯಾನ್ ಎಂಬ ಸರ್ಜನ್ ಕ್ಷಯದಿಂದ ಭುಜ ಹಾಳಾಗಿದ್ದ ಬೇಕರಿ ಕೆಲಸಗಾರನಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಹಾಕಿದ್ದರು. ಸೋಂಕಾಗಿ ಎರಡು ವರ್ಷಕ್ಕೆ ತೆಗೆಯಬೇಕಾಯಿತು. ಈಗ ಹತ್ತು ವರ್ಷ ಕಳೆದರೂ ಹತ್ತರಲ್ಲಿ ಒಂಬತ್ತು ಕೀಲು ಗಟ್ಟಿಯಾಗಿರುತ್ತವೆ. ಭಾರವಾದ ಸಿಲಿಂಡರ್, ಅಕ್ಕಿಮೂಟೆ ಹೊರುವುದನ್ನು ಬೇರೆಯವರಿಗೆ ಬಿಡಿ.

ಸ್ಕೂಟರ್ ವಿಷಯ. ಸ್ಲಿಂಗ್ ಇರುವವರೆಗೂ ಇಲ್ಲವೇ ಇಲ್ಲ. ಮೂರು ತಿಂಗಳ ಮೇಲೆ ಡಾಕ್ಟರು ಒಪ್ಪಿದರೆ, ಮೊದಲು ಗಾಡಿಗೆ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ ಕೂತು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ಮುಖ ಕಿವುಚಿಕೊಂಡರೆ ಇನ್ನೊಂದು ತಿಂಗಳು ಬಿಟ್ಟು ನೋಡಿ. ಅಲ್ಲಿಯವರೆಗೆ ಹಿಂದಿನ ಸೀಟಲ್ಲಿ ಕೂರುತ್ತೇನೆ ಅಂತಲೂ ಹೊರಡಬೇಡಿ, ಹಂಪ್ ಬಂದಾಗ ಗಬಕ್ಕನೆ ಹಿಡಿದುಕೊಳ್ಳುವುದು ಅದೇ ಕೈ.