ಬಾಡಿಗೆ ಲಾರಿ ಅಪಘಾತವಾದರೆ ಹೊಣೆ ಯಾರದು? ಆಳಂದದ ಅಣ್ಣಾವರಿಗೆ ಉತ್ತರ

ಅಣ್ಣಾವರೇ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಐದು ಜನ ಸೇರಿ ಬ್ರೋಕರ್ ಕಡೆಯಿಂದ ಲಾರಿ ಹಿಡಿದು, ತೊಗರಿ ತುಂಬಿ ಕಲಬುರಗಿ ಎಪಿಎಂಸಿಗೆ ಹೊರಟಿರಿ. ದಾರಿಯಲ್ಲಿ ಲಾರಿ ಬೈಕಿಗೆ ಗುದ್ದಿ ತಗ್ಗಿಗೆ ಇಳಿಯಿತು. ಬೈಕಿನ ಹುಡುಗನ ಕಾಲು ಮುರಿದಿದೆ. ಚೀಲದ ಮೇಲೆ ಕೂತಿದ್ದ ನಿಮ್ಮ ಕಾಕಾ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ. ಹುಡುಗನ ಮನೆಯವರು "ಮಾಲು ನಿಮ್ಮದು, ನೀವೂ ದುಡ್ಡು ಕೊಡಿ" ಅನ್ನುತ್ತಿದ್ದಾರೆ. ಲಾರಿ ಮಾಲೀಕ "ಗಾಡಿ ಗುತ್ತಿಗೆಗೆ ಕೊಟ್ಟಿದ್ದೇನೆ, ಡ್ರೈವರ್ ನನ್ನ ಸಂಬಳದವನಲ್ಲ" ಎಂದು ಜಾರಿಕೊಳ್ಳುತ್ತಿದ್ದಾನೆ.

ನಾನು ವಕೀಲನಲ್ಲ. ಆದರೆ ಇಂಥದ್ದೇ ಕೇಸಿಗೆ ವರ್ಷಗಟ್ಟಲೆ ಕೋರ್ಟಿಗೆ ಓಡಾಡಿದ್ದೇನೆ. ನಮ್ಮ ಹಳೇ ಗೂಡ್ಸ್ ಗಾಡಿ ಮಾರಿ ದುಡ್ಡು ತೆಗೆದುಕೊಂಡೆವು, ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಹೆಸರು ಬದಲಾಯಿಸಲಿಲ್ಲ. ಕೊಂಡವನು ಇನ್ಶೂರೆನ್ಸ್ ಕಟ್ಟಲಿಲ್ಲ. ಅವನ ಕೈಯಲ್ಲಿ ಅಪಘಾತವಾಯಿತು, ನೋಟಿಸ್ ನಮ್ಮ ಮನೆಗೆ ಬಂತು. ಗಾಡಿ ಕೊಟ್ಟು ಎರಡು ವರ್ಷ ಆಗಿತ್ತು ಎಂದು ಎಷ್ಟು ಹೇಳಿದರೂ ನಡೆಯಲಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಮಾಲೀಕ ಎಂದರೆ ಸಾಮಾನ್ಯವಾಗಿ ಆರ್‌ಸಿಯಲ್ಲಿ ಹೆಸರಿದ್ದವನು; ಲೀಸ್ ಅಥವಾ ಸಾಲದ ಕರಾರಿನ ಗಾಡಿಯಾದರೆ ಮಾತ್ರ, ಆ ಕರಾರಿನ ಮೇಲೆ ಗಾಡಿ ಇಟ್ಟುಕೊಂಡವನು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಹೊಣೆ ಆರ್‌ಸಿ ಇದ್ದವನದೇ. ಗಾಡಿ ಮಾರುವವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಲೇಬೇಕು. ನಾವು ತಿಳಿಸಿರಲಿಲ್ಲ.

ಹಾಗಾಗಿ ನಿಮ್ಮ ಲಾರಿ ಮಾಲೀಕ ಬರೀ ಬಾಯಿಮಾತಿನಲ್ಲಿ "ಗುತ್ತಿಗೆ" ಎಂದರೆ ಹೆದರಬೇಡಿ. ಅವನಿಗೂ ಡ್ರೈವರಿಗೂ ಏನು ಕರಾರಿದೆಯೋ ಅದು ಅವರಿಬ್ಬರ ನಡುವಿನದು. ಕಾಲು ಮುರಿದುಕೊಂಡ ಹುಡುಗನಿಗೆ ಅದು ಸಂಬಂಧವಿಲ್ಲ. ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಕಂಪನಿ ಕೊಡುತ್ತದೆ. ಡ್ರೈವರಿಗೆ ಲೈಸೆನ್ಸ್ ಇಲ್ಲದಂಥ ತಕರಾರು ಬಂದರೆ, ಎಷ್ಟೋ ಕೇಸುಗಳಲ್ಲಿ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ" ಎಂದು ಆದೇಶವಾಗುತ್ತದೆ. ಇನ್ಶೂರೆನ್ಸೇ ಇಲ್ಲದಿದ್ದರೆ ಮಾಲೀಕನೇ ತುಂಬಬೇಕು.

ಇನ್ನು ನೀವು ಐದು ಜನ. ಬಾಡಿಗೆ ಕೊಟ್ಟು ಮಾಲು ಸಾಗಿಸಿದ ಮಾತ್ರಕ್ಕೆ ಡ್ರೈವರ್ ತಪ್ಪು ನಿಮ್ಮದಾಗುವುದಿಲ್ಲ. ಇಲ್ಲಿಂದ ಅಲ್ಲಿಗೆ ಮುಟ್ಟಿಸು ಎಂದು ಹೇಳುವುದು ಬೇರೆ, ಗಾಡಿ ಹೇಗೆ ಓಡಿಸಬೇಕು ಎಂಬ ಹುಕುಂ ನಿಮ್ಮ ಕೈಯಲ್ಲಿರುವುದು ಬೇರೆ. ಕೋರ್ಟ್ ನೋಡುವುದು ಎರಡನೆಯದನ್ನು. 1997ರಲ್ಲಿ ರಾಜಸ್ಥಾನದ ಸರ್ಕಾರಿ ಬಸ್ ಸಂಸ್ಥೆಯ ಕೇಸಿನಲ್ಲಿ ಹೀಗೇ ಆಯಿತು. ಬಸ್ಸು ಖಾಸಗಿಯವರದು, ಡ್ರೈವರ್ ಕೂಡ ಅವರವನೇ. ಆದರೆ ಬಸ್ಸು ಸಂಸ್ಥೆಯ ರೂಟಿನಲ್ಲಿ, ಸಂಸ್ಥೆಯ ಕಂಡಕ್ಟರ್ ಹೇಳಿದಂತೆ ಓಡುತ್ತಿತ್ತು. ಹಾಗಾಗಿ ಹೊಣೆ ಸಂಸ್ಥೆಯ ಮೇಲೂ ಬಿತ್ತು. ಬೀದರ್ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು ಇದನ್ನು ನೆನಪಿಡಿ. "ಅವನು ಕಾಂಟ್ರ್ಯಾಕ್ಟರ್, ನಮಗೆ ಸಂಬಂಧವಿಲ್ಲ" ಎಂದು ಯಾರಾದರೂ ಹೇಳಿದರೆ, ಗಾಡಿ ಯಾವಾಗ, ಎಲ್ಲಿಗೆ, ಯಾರು ಹೇಳಿದಂತೆ ಓಡುತ್ತಿತ್ತು ಎಂದು ಕೇಳಿ. ಅದನ್ನು ತೋರಿಸುವ ಚೀಟಿಗಳನ್ನು ಎಸೆಯಬೇಡಿ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ಡ್ರೈವರ್ ಬೇಡ ಎಂದರೂ "ಇನ್ನೂ ಹತ್ತು ಚೀಲ ಹಾಕಪ್ಪ" ಎಂದು ನೀವು ಹಾಕಿಸಿದಿರಾ? ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ಓಡಿಸಿದವನ ಮೇಲೆ ಅಷ್ಟೇ ಅಲ್ಲ, ಓಡಿಸಲು ಹಚ್ಚಿದವರ ಮೇಲೂ ಬರುತ್ತದೆ. ಹಾಗೇನಾದರೂ ಆಗಿದ್ದರೆ ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ.

ನನಗೆ ಜಾಸ್ತಿ ಚಿಂತೆ ಇರುವುದು ಕಾಕಾನದು. ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಆದಮೇಲೆ ಗೂಡ್ಸ್ ಗಾಡಿಯಲ್ಲಿ ಮಾಲಿನ ಜೊತೆ ಹೋಗುವ ಮಾಲಿನ ಮಾಲೀಕನಿಗೂ ಇನ್ಶೂರೆನ್ಸ್ ಸಿಗುತ್ತದೆ. ಆದರೆ ಅವನು ಕ್ಯಾಬಿನ್ನಿನಲ್ಲಿ ಕೂತಿರಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಚೀಲದ ಮೇಲೆ ಕೂತವರಿಗೆ ಕಂಪನಿ ಕೊಡಲು ಒಪ್ಪುವುದಿಲ್ಲ. ಸುಮ್ನೆ ಹತ್ತಿಕೊಂಡ ಪ್ರಯಾಣಿಕರಿಗಂತೂ ಇಲ್ಲವೇ ಇಲ್ಲ. ನಮ್ಮ ಕಡೆ ಟ್ರಾಲಿಯಲ್ಲಿ ಕಬ್ಬು ಕಡಿಯುವವರ ಟೋಳಿಯನ್ನು (ಗುಂಪನ್ನು), ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಾರಲ್ಲ, ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಲ್ಟಿಯಾದರೆ ಆ ಮನೆಗಳಿಗೆ ಇನ್ಶೂರೆನ್ಸ್ ದುಡ್ಡು ಸಿಗುವುದು ಬಹಳ ಕಷ್ಟ.

ಹಾಗೆಂದು ಕಾಕಾನ ಕೇಸು ಮುಗಿಯಿತು ಅಂತಲ್ಲ. ಡ್ರೈವರ್ ತಪ್ಪಿದ್ದರೆ ಲಾರಿ ಮಾಲೀಕನ ಹೊಣೆ ಇದ್ದೇ ಇದೆ. ಕೋರ್ಟಿಗೆ ಹಾಕುವ ಪರಿಹಾರದ ಅರ್ಜಿಯಲ್ಲಿ (ಕ್ಲೇಮ್) ಡ್ರೈವರ್, ಮಾಲೀಕ, ಇನ್ಶೂರೆನ್ಸ್ ಕಂಪನಿ ಮೂವರನ್ನೂ ಸೇರಿಸಿ. ಯಾರಾದರೂ "ಕಾಕಾ ಕ್ಯಾಬಿನ್ನಿನಲ್ಲಿದ್ದರು ಎಂದು ಬರೆಸಿ" ಎಂದು ಹೇಳಿಕೊಟ್ಟರೆ ಕೇಳಬೇಡಿ. ಪಂಚನಾಮೆ, ಆಸ್ಪತ್ರೆ ಕಾಗದ, ಸಾಕ್ಷಿ ಎಲ್ಲ ಪಕ್ಕಪಕ್ಕ ಇಟ್ಟಾಗ ಸುಳ್ಳು ಸಿಕ್ಕಿಬೀಳುತ್ತದೆ. ಆಗ ನಿಜವಾಗಿ ಬರಬೇಕಾದದ್ದೂ ಬರುವುದಿಲ್ಲ.

ತಡ ಮಾಡಬೇಡಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಮಿತಿ 2022ರ ಏಪ್ರಿಲ್ 1ರಿಂದ ಬಂದಿದೆ. ಅಪಘಾತವಾದ ಊರಿನ ಕೋರ್ಟಿಗೇ ಹೋಗಬೇಕು ಅಂತಿಲ್ಲ, ನೀವಿರುವ ಕಡೆಯೂ ಹಾಕಬಹುದು. ಸೊಲ್ಲಾಪುರ, ಹೈದರಾಬಾದಿಗೆ ಮಾಲು ಒಯ್ಯುವವರಿಗೆ ಇದು ದೊಡ್ಡ ಅನುಕೂಲ. ಹುಡುಗನ ಮನೆಯವರಿಗೂ ಇದನ್ನೆಲ್ಲ ಸಮಾಧಾನದಿಂದ ಹೇಳಿ. ಅವರು ನಿಮ್ಮ ಬೆನ್ನು ಹತ್ತುವುದಕ್ಕಿಂತ ಕ್ಲೇಮ್ ಹಾಕಿದರೆ ಅವರಿಗೇ ಒಳ್ಳೆಯದು, ಅಲ್ವಾ? ಮಾನವೀಯತೆಯಿಂದ ಔಷಧಕ್ಕೆ ನಾಲ್ಕು ಕಾಸು ಕೊಡುವುದಾದರೆ ಕೊಡಿ. ಆದರೆ "ತಪ್ಪು ನಮ್ಮದು" ಎಂಬ ಕಾಗದಕ್ಕೆ, ಖಾಲಿ ಬಾಂಡಿಗೆ ಸಹಿ ಹಾಕಬೇಡಿ.

ಹಾಳಾದ ತೊಗರಿಯದು ಬೇರೆ ದಾರಿ. ಟ್ರಾನ್ಸ್‌ಪೋರ್ಟ್ ಆಫೀಸಿನ ಬಿಲ್ಟಿ (ಮಾಲು ಬುಕ್ ಮಾಡಿದ ರಸೀದಿ) ಇದ್ದರೆ, ಬುಕ್ ಮಾಡಿದ 180 ದಿನದೊಳಗೆ ಅವರಿಗೆ ಲಿಖಿತ ನೋಟಿಸ್ ಕೊಡಿ.

ಮುಂದಿನ ಸಲ ಚೀಲ ಏರಿಸುವ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ. ಇನ್ಶೂರೆನ್ಸ್, ಫಿಟ್‌ನೆಸ್ ತಾರೀಖು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಈಗ ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಎಫ್‌ಐಆರ್ ನಕಲು ತೆಗೆದುಕೊಳ್ಳಿ, ಬ್ರೋಕರ್ ಕೊಟ್ಟ ಚೀಟಿ, ಕಾಕಾನ ಆಸ್ಪತ್ರೆ ಬಿಲ್ಲು ಎಲ್ಲ ಒಂದೇ ಚೀಲದಲ್ಲಿ ಇಡಿ. ಕಲಬುರಗಿ ಕೋರ್ಟಿಗೆ ಬರುವ ದಿನ ಹೇಳಿ, ನಾನೂ ಬರುತ್ತೇನೆ.