ಅಂಚೆಯಲ್ಲಿ ಬಂದ ಎಂ.ಎ.

ಪುಣೆಯಂಥ ಊರಿನಲ್ಲಿದ್ದೂ ಕನ್ನಡ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಮಾಡಿದ್ದು ಯಾಕೆ, ಅಲ್ಲಿ ಕಾಲೇಜಿಗೇನು ಬರವೇ ಅಂತ ನೀವು ಬೆಂಗಳೂರಿನಿಂದ ಕೇಳಿದ್ದೀರಿ. ಬರ ಇಲ್ಲ. ಭೋಸರಿಯ ನಮ್ಮ ಮನೆಯಿಂದ ಅರ್ಧ ಗಂಟೆ ಬಸ್ಸಿನಲ್ಲಿ ಹೋದರೆ ಐದಾರು ಕಾಲೇಜು ಸಿಗುತ್ತವೆ. ಅವುಗಳಲ್ಲಿ ಕನ್ನಡ ಎಂ.ಎ. ಇಲ್ಲ, ಅಷ್ಟೇ. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ವಿಭಾಗ ಇದೆ. ಆದರೆ ದಿನಾ ಘಾಟಿ ಇಳಿದು ಹತ್ತಿ ಬಂದು ರಾತ್ರಿ ರೊಟ್ಟಿ ಬಡಿಯೋರು ಯಾರು?

ನನ್ನ ತವರು ಅಕ್ಕಲಕೋಟೆ ತಾಲ್ಲೂಕು, ದುಧನಿ ಹತ್ತಿರದ ಒಂದು ಹಳ್ಳಿ. ಜಿಲ್ಲೆ ಸೊಲ್ಲಾಪುರ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದೆ. ಪುಸ್ತಕಗಳು ಮಾತ್ರ ಕರ್ನಾಟಕದವಲ್ಲ, ಪುಣೆಯ ಬಾಲಭಾರತಿಯವು. 1967ರಲ್ಲಿ ಶುರುವಾದ ಈ ಸಂಸ್ಥೆ ಮರಾಠಿ, ಉರ್ದು, ಗುಜರಾತಿ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತದೆ. ನಾಲ್ಕನೆಯ ತರಗತಿಯಲ್ಲಿ ಶಿವಾಜಿ ಮಹಾರಾಜರ ಕಥೆಯನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿದವಳು ನಾನು. ಹತ್ತು ಮುಗಿದ ಮೇಲೆ ನಮ್ಮ ಕಡೆಯ ಹೆಚ್ಚಿನ ಮಕ್ಕಳು ಎರಡರಲ್ಲಿ ಒಂದು ಮಾಡುತ್ತಾರೆ. ಗಡಿ ದಾಟಿ ಆಳಂದಕ್ಕೋ ಕಲಬುರಗಿಗೋ ಹೋಗುತ್ತಾರೆ, ಇಲ್ಲವೇ ಮರಾಠಿಗೆ ಹೊರಳುತ್ತಾರೆ. ನಾನು ಮದುವೆಯಾಗಿ ಪುಣೆಗೆ ಬಂದೆ.

ಬಿ.ಎ.ಯನ್ನು ನಾಶಿಕದ ಯಶವಂತರಾವ್ ಚವ್ಹಾಣ ಮುಕ್ತ ವಿದ್ಯಾಪೀಠದಿಂದ ಮರಾಠಿಯಲ್ಲಿ ಮುಗಿಸಿದೆ. 1989ರಲ್ಲಿ ಹುಟ್ಟಿದ ಈ ವಿದ್ಯಾಪೀಠ ಹನ್ನೆರಡನೆಯ ತರಗತಿ ಪಾಸಾಗದವರಿಗೂ 'ಪೂರ್ವತಯಾರಿ' ಅಂತ ಒಂದು ಬಾಗಿಲು ತೆರೆದಿಟ್ಟಿತ್ತು. ಮದುವೆಗಾಗಿ ಓದು ಬಿಟ್ಟ ಎಷ್ಟೋ ಹೆಂಗಸರು ಆ ಬಾಗಿಲಿನಿಂದಲೇ ಒಳಗೆ ಬಂದರು. ಇಲ್ಲಿ ಹೀಗೆ ಹೊರಗಿನಿಂದ ಪರೀಕ್ಷೆಗೆ ಕೂರುವವರನ್ನು 'ಬಹಿಸ್ಥ' ಅಂತಾರೆ. ಹೊರಗಿರುವವರು. ಗಡಿಯವರಿಗೆ ಈ ಹೆಸರೇನೂ ಹೊಸದಲ್ಲ ಬಿಡಿ.

ಆಮೇಲೆ ಕನ್ನಡದ ಹಸಿವು ಶುರುವಾಯಿತು. ಕರ್ನಾಟಕದ ಒಂದು ವಿಶ್ವವಿದ್ಯಾಲಯಕ್ಕೆ ಎಂ.ಎ. ಅರ್ಜಿ ಹಾಕಿದೆ. ಹೆಸರು ಬೇಡ, ಯಾಕಂದ್ರೆ ಮುಂದೆ ಸ್ವಲ್ಪ ಬೈಯುವುದಿದೆ. ಫೋನಿನಲ್ಲಿ ಅಲ್ಲಿನ ಗುಮಾಸ್ತರಿಗೆ "ಬಿ.ಎ.ದಾಗ ನನಗ ಗುಣ ಕಡಿಮಿ ಬಂದಾವ್ರೀ, ನಡೀತದೇನು?" ಅಂದೆ. ಆ ಕಡೆ ಒಂದು ಕ್ಷಣ ಸುಮ್ಮನಾದರು. "ಯಾಕಮ್ಮಾ, ಹುಷಾರಿರಲಿಲ್ವಾ?" ಮರಾಠಿಯಲ್ಲಿ ಗುಣ ಅಂದರೆ ಅಂಕ. ನಮಗೆ ಅಭ್ಯಾಸಕ್ರಮ ಅಂದರೆ ಪಠ್ಯಕ್ರಮ, ನಿಕಾಲ ಅಂದರೆ ಫಲಿತಾಂಶ. ಇದೆಲ್ಲ ಕನ್ನಡವೇ ಅಂತ ಅವತ್ತಿನವರೆಗೂ ನಂಬಿದ್ದೆ.

ಪುಸ್ತಕದ ಕಟ್ಟು ಬರಬೇಕಾದ ಹೊತ್ತಿಗೆ ಬರಲಿಲ್ಲ. ಪರೀಕ್ಷೆಗೆ ಏಳು ವಾರ ಇದೆ ಅನ್ನುವಾಗ ಬಂತು. ಆದರೂ ಆ ಕಟ್ಟು ಬಿಚ್ಚಿದ ಸಂಜೆ ಮರೆಯೋದಿಲ್ಲ. ಮನೆ ಬಾಗಿಲಿಗೆ ಇಷ್ಟೊಂದು ಕನ್ನಡ ಒಮ್ಮೆಲೇ ಬಂದಿದ್ದು ಅದೇ ಮೊದಲು. ಬೆಳಿಗ್ಗೆ ಕುಕ್ಕರ್ ಮೂರು ಸೀಟಿ ಹಾಕುವುದರೊಳಗೆ ಎರಡು ಪುಟ, ಮಧ್ಯಾಹ್ನ ಮಗಳು ಮಲಗಿದರೆ ಒಂದು ಅಧ್ಯಾಯ. ಯಾರ ಅಪ್ಪಣೆಯೂ ಬೇಡ, ಬಸ್ ಪಾಸೂ ಬೇಡ. ದೂರಶಿಕ್ಷಣದ ಲಾಭ ಏನು ಅಂತ ಕೇಳಿದರೆ ನನಗೆ ಮೊದಲು ನೆನಪಾಗೋದು ಆ ಕುಕ್ಕರೇ.

ಕಷ್ಟ ಶುರುವಾಗಿದ್ದು ಛಂದಸ್ಸಿನಲ್ಲಿ. ಕಂದಪದ್ಯಕ್ಕೆ ನಾಲ್ಕು ಮಾತ್ರೆಯ ಗಣಗಳು, ಮೊದಲ ಸಾಲಿಗೆ ಮೂರು, ಎರಡನೆಯದಕ್ಕೆ ಐದು ಅಂತ ಪುಸ್ತಕ ಹೇಳಿತು. ಸರಿ, ಲಘು ಗುರು ಹಾಕುತ್ತಾ ಕೂತೆ. ಹನ್ನೆರಡು ಬರಬೇಕಾದ ಮೊದಲ ಸಾಲಿನಲ್ಲಿ ಹದಿಮೂರು ಮಾತ್ರೆ ಬಂತು. ಮತ್ತೆ ಎಣಿಸಿದರೆ ಹನ್ನೊಂದು. ಮೂರು ದಿನ ಆ ಒಂದೇ ಪದ್ಯದ ಜೊತೆ ಜಗಳ. ಕೊನೆಗೆ ನಾಚಿಕೆ ಬಿಟ್ಟು ಊರಿನಲ್ಲಿದ್ದ ನಮ್ಮ ಹಳೆಯ ಕನ್ನಡ ಮಾಸ್ತರರಿಗೆ ಫೋನ್ ಮಾಡಿದೆ. ಅವರು ವಿವರಿಸಲಿಲ್ಲ, ಹಾಡಿದರು. ಒಂದೊಂದು ಗಣಕ್ಕೂ ಮೇಜು ಕುಟ್ಟುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಎರಡನೇ ಸಲ ಹಾಡುವಾಗ ನಾನು ಅಡುಗೆ ಕಟ್ಟೆ ಕುಟ್ಟಿದೆ. ಹನ್ನೆರಡು ಸರಿಯಾಗಿ ಬಂತು. ಪುಸ್ತಕ ಅಂಚೆಯಲ್ಲಿ ಬರುತ್ತದೆ, ಕಿವಿ ಬರೋದಿಲ್ಲ.

ಇನ್ನು ಪರೀಕ್ಷೆ. ದೂರಶಿಕ್ಷಣಕ್ಕೆ ಗಡಿ ಇಲ್ಲ ಅಂತ ನೀವು ತಿಳಿದಿರಬಹುದು, ಅದು ಸುಳ್ಳು. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದಿಂದಾಚೆ ಕೇಂದ್ರ ನಡೆಸುವಂತಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾನ್ಯತೆ ನಿಂತು, ಮತ್ತೆ 2018ರಲ್ಲಿ ಸಿಕ್ಕಿತಲ್ಲ, ಆ ಜಗಳದಲ್ಲಿ ಹೊರರಾಜ್ಯದ ಕೇಂದ್ರಗಳ ವಿಷಯವೂ ಇತ್ತು. ದೆಹಲಿಯ ಇಗ್ನೋಗೆ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೆ, ಈ ತೊಡಕಿಲ್ಲ, ಅದು ದೇಶಕ್ಕೆಲ್ಲ ಸೇರಿದ್ದು. ನಾನು ಸೇರಿದ್ದು ಕರ್ನಾಟಕದ್ದು, ಹಾಗಾಗಿ ನನ್ನ ಪರೀಕ್ಷಾ ಕೇಂದ್ರ ಕಲಬುರಗಿಯಲ್ಲಿತ್ತು. ಪುಣೆಯಿಂದ ರೈಲು ಸೊಲ್ಲಾಪುರ ದಾಟಿ, ಅಕ್ಕಲಕೋಟ ರೋಡ್ ದಾಟಿ, ದುಧನಿಯನ್ನೂ ದಾಟಿಯೇ ಕಲಬುರಗಿಗೆ ಹೋಗೋದು. ತವರು ಕಿಟಕಿಯಲ್ಲಿ ಬಂತು, ಹೋಯಿತು. ಇಳಿಯುವ ಹಾಗಿರಲಿಲ್ಲ, ಮರುದಿನ ಬೆಳಿಗ್ಗೆ ಪೇಪರ್.

ಅಲ್ಲಿ ಬಾಗಿಲಲ್ಲೇ ತಡೆದರು. ನಮ್ಮ ಕಾಲದ ಮಹಾರಾಷ್ಟ್ರದ ಕಾಗದಗಳಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಮ್ಮ ಹೆಸರು, ಕೊನೆಗೆ ಅಪ್ಪನ ಹೆಸರು. ಮದುವೆಯಾದರೆ ಅಡ್ಡಹೆಸರೂ ಬದಲು, ಅಪ್ಪನ ಜಾಗಕ್ಕೆ ಗಂಡ. ಹತ್ತನೆಯ ಅಂಕಪಟ್ಟಿ ತವರಿನ ಹೆಸರಿನಲ್ಲಿ, ಆಧಾರ್ ಗಂಡನ ಮನೆಯದು, ಹಾಲ್‌ಟಿಕೆಟ್‌ನಲ್ಲಿ ಇವೆರಡೂ ಅಲ್ಲದ ಮೂರನೆಯದು. "ಈ ಮೂವರಲ್ಲಿ ನೀವು ಯಾರು?" ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ. ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಹಾಕಿಸಿದೆ.

ಗಡಿಯ ತೊಡಕು ಶಾಲೆ ಮಕ್ಕಳನ್ನೂ ಬಿಡಲಿಲ್ಲ. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬರುತ್ತಿತ್ತು. ನನ್ನ ಅಣ್ಣನ ಮಗ ಊರಿನಲ್ಲಿ ಅದನ್ನು ಹಚ್ಚಿ ಕೂತ. ಶುದ್ಧ ಕನ್ನಡ, ಚೆಂದದ ಪಾಠ. ಆದರೆ ಅದು ಕರ್ನಾಟಕದ ಪಠ್ಯ, ಇವನ ಕೈಯಲ್ಲಿದ್ದದ್ದು ಬಾಲಭಾರತಿ. ಗಣಿತ ಹೇಗೋ ಹೊಂದಿತು, ಸಮಾಜ ವಿಜ್ಞಾನ ಹೊಂದಲಿಲ್ಲ. ಮೊಬೈಲಿನಲ್ಲಿ ಓದೋಣ ಅಂದರೆ ಮೊಬೈಲ್ ಅಣ್ಣನ ಹತ್ತಿರ, ಅಣ್ಣ ಹೊಲದಲ್ಲಿ.

ಇಷ್ಟೆಲ್ಲ ಹೇಳಿದೆ ಅಂತ ದೂರಶಿಕ್ಷಣ ಬೇಡ ಅಂದುಕೊಳ್ಳಬೇಡಿ. ನಮ್ಮ ಸೊಸೈಟಿಯ ವಾಚ್‌ಮನ್ ಇಂಡಿ ತಾಲ್ಲೂಕಿನ ಹುಡುಗ. ಹನ್ನೆರಡು ಗಂಟೆ ಡ್ಯೂಟಿ. ರಾತ್ರಿ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಬಿ.ಎ. ಪುಸ್ತಕ, ಅದರ ಕೆಳಗೆ ಗಾಡಿ ನಂಬರ್ ಬರೆಯುವ ರಿಜಿಸ್ಟರ್. ಕಾರು ಬಂದಾಗ ಮೇಲಿನದು ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಅವನಿಗೆ ಯಾವ ಕಾಲೇಜು ಸೀಟು ಕೊಟ್ಟು ಸಂಬಳವನ್ನೂ ಕೊಡುತ್ತದೆ ಹೇಳಿ.

ನಿಮ್ಮ ತಂಗಿ ಇಲ್ಲೇ ಹತ್ತಿರದ ಚಿಂಚವಡಕ್ಕೆ ಬಂದಿದ್ದಾಳೆ, ಅವಳೂ ಸೇರಬಹುದಾ ಅಂತ ಕೇಳಿದ್ದೀರಲ್ಲ. ಸೇರಲಿ. ಸೇರುವ ಕೋರ್ಸಿಗೆ ಈ ವರ್ಷದ ಯುಜಿಸಿ ಮಾನ್ಯತೆ ಇದೆಯಾ ಅಂತ ಮೊದಲು ನೋಡಲಿ, ಏಜೆಂಟ್ ಮಾತು ನಂಬಬೇಡಿ. ಈಗ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಖಾತೆ), ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತು ಸಂಖ್ಯೆ) ಅಂತ ಎರಡು ಮಾಡಿಸಬೇಕು, ಅದಕ್ಕೂ ಮೊದಲು ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಒಂದೇ ಇರಲಿ. ನರ್ಸಿಂಗ್, ಕಾನೂನು ಇಂಥವು ದೂರಶಿಕ್ಷಣದಲ್ಲಿ ನಡೆಯೋದಿಲ್ಲ. ಕನ್ನಡವೇ ಆದರೆ ನನ್ನ ಪುಸ್ತಕಗಳು ಅಟ್ಟದ ಮೇಲಿವೆ, ಭಾನುವಾರ ಬಂದು ಒಯ್ಯಲಿ. ಛಂದಸ್ಸಿನ ಪುಸ್ತಕಕ್ಕೆ ಅರಿಶಿನ ಬಿದ್ದಿದೆ, ಓದಲು ತೊಂದರೆ ಇಲ್ಲ.