ಒತ್ತಾಯಕ್ಕೆ ಲಂಚ ಕೊಟ್ಟವರ ಮೇಲೂ ಪ್ರಕರಣ ಆಗುತ್ತದೆಯೇ?

ಖಾತೆ ಬದಲಾವಣೆಗೆ ಲಂಚ ಕೇಳುತ್ತಿದ್ದಾರೆ, ದೂರು ಕೊಟ್ಟರೆ ನಾನೇ ಆರೋಪಿಯಾಗುವೆನೇ, ಭ್ರಷ್ಟಾಚಾರ ತಡೆ ಕಾಯ್ದೆಯಿಂದ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಈ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧವಾಗಿದ್ದರೂ, ಒತ್ತಾಯಕ್ಕೆ ಸಿಲುಕಿ ಕೊಟ್ಟವರು 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಲಂಚ ಕೊಟ್ಟವರನ್ನು ಶಿಕ್ಷಿಸುವ 8ನೇ ಕಲಂ ಅವರಿಗೆ ಅನ್ವಯಿಸುವುದಿಲ್ಲ. ಹಣ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ದೂರು ನೀಡಿ, ಅವರು ಹೇಳಿದಂತೆ ನಡೆದುಕೊಳ್ಳುವುದು ಇನ್ನೂ ಸುರಕ್ಷಿತವೆಂಬುದು ನನ್ನ ಖಚಿತ ಅಭಿಪ್ರಾಯ. ಅರ್ಜಿಯ ಸ್ವೀಕೃತಿಯನ್ನೂ ಮಾತುಕತೆಯ ಧ್ವನಿಮುದ್ರಣವನ್ನೂ ಜೋಪಾನವಾಗಿಡಿ. ಲಂಚಕ್ಕೆ ಬೇಡಿಕೆ ಇಟ್ಟಿದ್ದು ಸಾಬೀತಾಗದಿದ್ದರೆ, ನೌಕರನ ಬಳಿ ಹಣ ಸಿಕ್ಕಿತೆಂಬುದಷ್ಟೇ ಶಿಕ್ಷೆಗೆ ಸಾಲದು. ದೂರುದಾರ ತನ್ನ ಹೇಳಿಕೆ ಬದಲಿಸಿ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿರುವುದು ದೊಡ್ಡ ಬಲ.

ಪ್ರಯೋಜನದ ಮಾತಿಗೆ ಬಂದರೆ, ಲಂಚ ಪಡೆಯುವಾಗಲೇ ಸಿಕ್ಕಿಬಿದ್ದು ಸ್ಥಳದಲ್ಲೇ ಬಂಧಿತರಾದವರ ತನಿಖೆಗೆ 17ಎ ಕಲಂ ಹೇಳುವ ಸರ್ಕಾರದ ಅಥವಾ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕಿಲ್ಲವಾದರೂ, ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಲು 19ನೇ ಕಲಂ ಪ್ರಕಾರ ಸರ್ಕಾರದ ಅಥವಾ ಸಕ್ಷಮ ಪ್ರಾಧಿಕಾರದ ಮಂಜೂರಾತಿ ಬೇಕೇ ಬೇಕು. ವಿಚಾರಣೆಯನ್ನು 2 ವರ್ಷಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯೇ ಹೇಳುವಾಗ, ಮಂಜೂರಾತಿಯ ಕಡತವನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವುದು ದೂರು ಕೊಟ್ಟವರಿಗೆ ಮಾಡುವ ಅನ್ಯಾಯ.